ಬೀಳಲು ಮರೆತ ನಮ್ಮವರು

ನನ್ನ ಗಂಡ ಯಮನೂರಪ್ಪನಷ್ಟು ಚಂದ ಬೀಳುವವರು ನಮ್ಮೂರು ಸೂಡಿಯಲ್ಲಿ ಇನ್ನೊಬ್ಬರಿಲ್ಲ. ಬೈಗುಳವಲ್ಲ, ಖರೇ ಮಾತು. ಕಾಲಿಗೆ ಒಂದು ಜೋಳದ ಕಾಳು ತಗುಲಿದರೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಅವರಿಗೆ. ನಾವೂ ಮಾಡುತ್ತೇವೆ, ಆದರೆ ಹಿಂದೆ ಮುಂದೆ ನೋಡಿ ಮಾಡುತ್ತೇವೆ. ಇವರು ಬಗ್ಗಿದರೆ ಹಿಂಭಾಗ ಹೋಗಿ ನೀರಿನ ಕೊಡಕ್ಕೆ ಬಡಿಯುತ್ತದೆ. ಕೊಡ ನಮ್ಮತ್ತೆ ಹುಚ್ಚವ್ವನ ಮಡಿಲಿಗೆ! ಅವರನ್ನು ಎಬ್ಬಿಸಲು ಹೋಗಿ ಅವರ ಕಾಲನ್ನೇ ತುಳಿಯುತ್ತಾರೆ. ಮತ್ತೆ ಬಗ್ಗಿ ನಮಸ್ಕಾರ. ಈ ಸಲ ತಲೆ ಕಂಬಕ್ಕೆ. ಮದುವೆಯಾದಾಗಿನಿಂದ ನೆಲ ಒರೆಸಿ ಒರೆಸಿ ನನ್ನ ಸೊಂಟ ಹೋಗಿದೆ.

ಇದು ನರೇಗಲ್ಲಿನಲ್ಲಿ ಮದುವೆ ವಿಡಿಯೋ ತೆಗೆಯುವ ಕಳಕೇಶನ ಕಿವಿಗೆ ಬಿತ್ತು. ಹಳೇ ಮೂಕಿ ಚಿತ್ರಗಳ ಹಾಗೆ ಮಾತಿಲ್ಲದೆ, ಬರೀ ಬಿದ್ದು ಎದ್ದು ನಗಿಸುವ ಪುಟ್ಟ ಸಿನಿಮಾ ತೆಗೆಯುತ್ತೇನೆ, ಯಮನೂರಣ್ಣನೇ ಹೀರೋ ಅಂದ. ಇವರೋ, ಹೊಲದ ಕೆಲಸ ಬಿಟ್ಟರೆ ಯಾರೂ ಯಾವುದಕ್ಕೂ ಕರೆಯದ ಮನುಷ್ಯ. ಖುಷಿಗೆ ತಿನ್ನುತ್ತಿದ್ದ ರೊಟ್ಟಿ ಬಿಟ್ಟೆದ್ದು ಓಣಿಗೆಲ್ಲ ಹೇಳಿ ಬಂದರು.

ನಮ್ಮ ಅಂಗಳದಲ್ಲೇ ಶೂಟಿಂಗ್. ಕ್ಯಾಮೆರಾ ಕಂಡದ್ದೇ ತಡ, ಇವರಿಗೆ ಬೀಳಲು ಬರಲಿಲ್ಲ! ಕಳಕೇಶ ದಾರಿಗೆ ಇಟ್ಟಿದ್ದ ಮೊರ ತುಳಿದರು, ಹಿಂದೆ ತಿರುಗಿ ಜಾಗ ನೋಡಿದರು, ಧೋತರ ಸರಿಮಾಡಿಕೊಂಡು ಮದುವೆ ಊಟಕ್ಕೆ ಕೂತಂತೆ ಕೂತರು.

"ಅಣ್ಣಾರ, ಬೀಳ್ರಿ ಅಂದ್ರ ಕುಂಡ್ರತೀರಲ್ರೀ!" ಎಂದು ಕಳಕೇಶ ತಲೆ ಚಚ್ಚಿಕೊಂಡ. ಮಧ್ಯಾಹ್ನದವರೆಗೂ ಇದೇ ಹಾಡು. ಕೊನೆಗೆ, "ನಾಳೆ ನಿಮ್ಮ ಬದ್ಲಿ ಶಿರೋಳದ ನಾಟಕದ ಕಲ್ಲೇಶನ್ನ ಕರಸ್ತೀನ್ರಿ" ಅಂದುಬಿಟ್ಟ.

ನಮ್ಮವರು ಕಟ್ಟೆ ಮೇಲೆ ಕುಸಿದರು. "ಹುಟ್ಟಿದಾಗಿಂದ ಬಿದ್ದೀನಿ, ಇವತ್ತೊಂದಿನ ಬೀಳಾಕ ಬರವಲ್ದಲ್ಲ, ಭಾರತಿ" ಅಂದರು. ಕಣ್ಣಲ್ಲಿ ನೀರು. ನನಗೆ ಸಿಟ್ಟು ಬಂತು. ನನ್ನ ಗಂಡನನ್ನು ನಾನು ಬೈಯುತ್ತೇನೆ. ಬೇಡ ಅನ್ನಲು ಇವನ್ಯಾರು?

ಹೋಗಿ ಮೊರ ನೋಡಿದೆ. ಕಾಳು ಹಾಳಾಗಬಾರದೆಂದು ಕಳಕೇಶ ಅದಕ್ಕೆ ಕಟ್ಟಿಗೆಯ ಹೊಟ್ಟು ತುಂಬಿದ್ದ!

"ಎಲಾ ಮೂಳ, ಹೊಟ್ಟಿಗೆ ಯಾರರ ಕೈ ಮುಗೀತಾರೇನೋ?" ಎಂದು ಬೈದು, ಒಳಗಿನಿಂದ ಜೋಳ ತಂದು ಸುರಿದೆ. "ಒಮ್ಮಿ ಸುಮ್ನ ಕ್ಯಾಮೆರಾ ಹಚ್ಚು" ಎಂದು ಅವನ ಕಿವಿಯಲ್ಲಿ ಹೇಳಿ, "ರೀ, ಚಾ ಕುಡೀ ಬರ್ರಿ" ಎಂದು ಕೂಗಿದೆ.

ಬಂದರು, ಜೋಳ ತುಳಿದರು. "ಅಯ್ಯೋ ಶಿವನೇ!" ಎಂದು ಬಗ್ಗಿದರು. ಕೊಡ ಉರುಳಿತು, ಅತ್ತೆ ಚೀರಿದರು, ತಲೆ ಕಂಬಕ್ಕೆ ಬಡಿಯಿತು, ಇವರು ಎಮ್ಮೆ ನೀರು ಕುಡಿಯುವ ಬಾನಿಯೊಳಗೆ ಕೂತರು. ಓಣಿಯೇ ಬಿದ್ದು ಬಿದ್ದು ನಕ್ಕಿತು. ನಾನು ಶೂಟಿಂಗ್ ಮರೆತು ಎಬ್ಬಿಸಲು ಓಡಿದೆ, ನೀರಲ್ಲಿ ಜಾರಿ ದೊಪ್ಪನೆ ಬಿದ್ದೆ. ಬಾನಿಯಿಂದ ಏಳುತ್ತಿದ್ದವರ ಕಾಲು ನನಗೆ ತಗುಲಿತು.

ಅವರು ಬಗ್ಗಿ ನನ್ನ ಪಾದ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಜೋಳ, ಕಸಬರಿಗೆ, ಎಮ್ಮೆ ಎಲ್ಲಕ್ಕೂ ಮಾಡಿದ್ದರು. ನನಗೆ ಅದೇ ಮೊದಲು.

ಕಳಕೇಶ ಮೆಲ್ಲಗೆ ಅಂದ: "ಅಕ್ಕಾರ, ಆ ಕಡೀದ್ ಕಟ್ ಮಾಡ್ತೀನ್ರಿ. ಗಂಡಸು ಹೇಣ್ತಿ ಕಾಲು ಮುಟ್ಟಿದ್ರ ಮಂದಿ ಏನಂದಾರು?"

"ಅದನ್ನ ಕಟ್ ಮಾಡಿದ್ರ ನಿನ್ನ ಕೈ ಮುರೀತೀನಿ" ಅಂದೆ. "ಬೇಕಾದ್ರ ಉಳಿದದ್ದೆಲ್ಲಾ ಕಟ್ ಮಾಡು."