ದಿಂಬಿನ ಕೆಳಗಿದ್ದ ಕಬ್ಬಿಣದ ಮಾತ್ರೆಗಳು

ಕಳೆದ ವರ್ಷ ನಾನು ಕಡೂರು ತಾಲ್ಲೂಕಿನ ಪಂಚನಹಳ್ಳಿ ಹತ್ತಿರದ ಒಂದು ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದೆ. ನಿವೃತ್ತಿಗೆ ಕೆಲವೇ ತಿಂಗಳು ಬಾಕಿ ಇತ್ತು. ಓದಿದ್ದು ಐದನೇ ತರಗತಿ. ಇದನ್ನು ಬರೆಯುವಾಗ ಮೊಮ್ಮಗಳು ಮಡಿಲಲ್ಲಿ ಮಲಗಿ ನನ್ನ ಸೆರಗು ಹಿಡಿದಿದ್ದಾಳೆ, ಅಕ್ಷರ ವಾಲಿದರೆ ಬೈಯಬೇಡಿ. ಅವಳ ಮುಖ ನೋಡಿದಾಗೆಲ್ಲ ನನಗೆ ನಗು ತಡೆಯುವುದಿಲ್ಲ. ಅವಳು ಹುಟ್ಟುವ ಮುಂಚಿನ ದಿನಗಳನ್ನು ನೆನೆದರೆ ಮಾತ್ರ ಈಗಲೂ ಅವಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ.

ಗರ್ಭಿಣಿಯರಿಗೆ ಮಧ್ಯಾಹ್ನದ ಊಟ ಬಡಿಸುವುದು, ಊಟದ ಮೇಲೆ ಐರನ್ ಮಾತ್ರೆ ನುಂಗಿಸುವುದು ನನ್ನ ಕೆಲಸಗಳಲ್ಲಿ ಒಂದು. ಐರನ್ ಎಂದರೆ ಕಬ್ಬಿಣದ ಅಂಶ. ಅದು ಕಮ್ಮಿಯಾದರೆ ರಕ್ತದ ಹಿಮೋಗ್ಲೋಬಿನ್ ಇಳಿಯುತ್ತದೆ, ಹೆರಿಗೆಯಲ್ಲಿ ಒಂದಿಷ್ಟು ರಕ್ತ ಹೋದರೂ ತಾಯಿ ತಡೆದುಕೊಳ್ಳಲಾರಳು. ಕೆಲವರು ಮಾತ್ರೆಯನ್ನು ದವಡೆಯಲ್ಲಿ ಒತ್ತಿಕೊಂಡು ಹೋಗಿ ಬೇಲಿ ಪಕ್ಕ ಉಗುಳುತ್ತಿದ್ದರು. "ಬಾಯಿ ತೆಗಿಯೇ, ನಾಲ್ಗೆ ಎತ್ತು" ಎಂದರೆ, "ಬಂದ್ಳು ಕಣ್ರೇ ಪೊಲೀಸಮ್ಮ" ಎಂದು ನಗುತ್ತಿದ್ದರು.

ನನ್ನ ಮಗಳು ಸವಿತಾಳನ್ನು ಅಜ್ಜಂಪುರ ತಾಲ್ಲೂಕಿನ ಶಿವನಿ ಎಂಬ ಊರಿಗೆ ಕೊಟ್ಟಿದ್ದೆ. ಅವಳು ಬಸುರಿಯಾದಾಗ ಅಲ್ಲಿಯ ಆಶಾ ಕಾರ್ಯಕರ್ತೆ ಮನೆಗೇ ಮಾತ್ರೆ ತಂದುಕೊಡುತ್ತಿದ್ದರು. ನಾನು ಫೋನಿನಲ್ಲಿ, "ಮಾತ್ರೆ ತಗೊಂಡ್ಯಾ?" ಎಂದು ಕೇಳುತ್ತಿದ್ದೆ. "ತಗೊಂಡೆ ಕಣವ್ವ" ಎನ್ನುತ್ತಿದ್ದಳು.

ಎಂಟನೇ ತಿಂಗಳಲ್ಲಿ ಅವಳನ್ನು ಹೆರಿಗೆಗೆ ಕರೆತರಲು ಕಡೂರಿನಿಂದ ರೈಲು ಹತ್ತಿದೆ. ಬಾಗಿಲಿಗೆ ಬಂದ ಮಗಳು ಗೋಡೆ ಹಿಡಿದು ನಿಂತಳು, ಏದುಸಿರು ಬಿಡುತ್ತಿದ್ದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಿನ ಸುಳಿವೇ ಇರಲಿಲ್ಲ.

"ಮಾತ್ರೆ ಎಲ್ಲೇ?"

"ಕೊಟ್ಟಿದ್ದೆಲ್ಲಾ ತಗೊಂಡಿದೀನಿ ಕಣವ್ವ. ದಿಂಬಿನ ಕೆಳಗೈತೆ."

ದಿಂಬು ಎತ್ತಿದೆ. ಕುಡುಗೋಲಿನ ಪಕ್ಕ ಮಾತ್ರೆಗಳು ಪಟ್ಟಿಪಟ್ಟಿಯಾಗಿ ಹಾಗೇ ಇದ್ದವು. ಬಸುರಿಯ ತಲೆದಿಂಬಿನಡಿ ಕಬ್ಬಿಣ ಇಟ್ಟರೆ ಗಾಳಿ ಸೋಕುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಬೀಗಿತ್ತಿ ಗೌರಮ್ಮ ಮಾತ್ರೆಯನ್ನೂ ಆ ಲೆಕ್ಕಕ್ಕೆ ಸೇರಿಸಿದ್ದರು.

"ಮೊದಲ್ನೇ ಮಾತ್ರೆಗೇ ವಾಂತಿ ಮಾಡ್ಕೊಂಡ್ಳು ಬೀಗ್ರೇ. ಎರಡು ದಿನಕ್ಕೆ ಕಕ್ಕಸೂ ಕರ್ರಗಾಯ್ತು. ಕರುಳನ್ನೇ ಕಪ್ಪು ಮಾಡೋದು ಕೂಸನ್ನ ಬಿಟ್ಟೀತಾ? ಕಬ್ಬಿಣದ ಮಾತ್ರೆ ಅಂದ್ರಲ್ಲ, ಹತ್ರ ಇದ್ರೆ ಸಾಕು ಅಂತ ನಾನೇ ಇಡಿಸ್ದೆ."

ಮಗಳು ಸುಳ್ಳು ಹೇಳಿರಲಿಲ್ಲ. ಆಶಾ ಕೈಯಿಂದ ತಗೊಂಡಿದ್ದಳು, ಅಷ್ಟೇ.

ಅಳಿಯ ಲೋಕೇಶ ತನ್ನ ಲಗೇಜ್ ಆಟೊದಲ್ಲೇ ನಮ್ಮ ಮೂವರನ್ನೂ ಅಜ್ಜಂಪುರಕ್ಕೆ ಕರೆದೊಯ್ದ. ರಕ್ತ ಪರೀಕ್ಷೆ ಮಾಡಿದರು. ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಆರೂವರೆ ಇತ್ತು. ಕೂಡಲೇ ತರೀಕೆರೆಗೆ ಹೋಗಿ ಎಂದರು. ದಾರಿಯುದ್ದಕ್ಕೂ ಸವಿತಾ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದಳು. "ಅವ್ವ, ಕಣ್ ಕತ್ಲೆ ಬತ್ತೈತೆ" ಎಂದಳು. ಲೋಕೇಶನಿಗೆ ಕೇಳಿಸದಿರಲಿ ಎಂದು ನಾನು ಜೋರಾಗಿ ಕೆಮ್ಮಿದೆ.

ತರೀಕೆರೆಯ ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. "ಇನ್ನು ಮಾತ್ರೆ ನಂಬ್ಕೊಂಡು ಕೂರೋಕಾಗಲ್ಲ. ಮೊದಲು ರಕ್ತ ಏರಿಸ್ಬೇಕು. ಅಷ್ಟ್ರಲ್ಲಿ ನೋವು ಶುರುವಾದ್ರೆ, ತಾಯಿ ಮಗು ಇಬ್ರದ್ದೂ ಭರವಸೆ ಕೊಡಲಾರೆ."

ರಕ್ತ ಚಿಕ್ಕಮಗಳೂರಿನಿಂದ ಬರಬೇಕಿತ್ತು. ಅದು ಬರುವ ಮೊದಲೇ ಸವಿತಾಳಿಗೆ ಹೊಟ್ಟೆನೋವು ಬಂತು. ನೋವು ನಿಲ್ಲಲು ಇಂಜೆಕ್ಷನ್ ಕೊಟ್ಟು, ನಮ್ಮನ್ನು ಹೊರಗೆ ಕಳಿಸಿದರು. ಕಂಡವರ ಹೆಣ್ಣುಮಕ್ಕಳಿಗೆಲ್ಲ ನಾಲಿಗೆ ಎತ್ತಿಸಿ ಮಾತ್ರೆ ನುಂಗಿಸಿದವಳು ನಾನು. ನನ್ನ ಮಗಳು ಒಳಗೆ ಆ ಸ್ಥಿತಿಯಲ್ಲಿ ಮಲಗಿದ್ದಳು. ಬೆಂಚಿನ ಆ ತುದಿಯಿಂದ ಗೌರಮ್ಮ ಹೇಳಿದರು, "ನಂಗೂ ಅವ್ಳು ಮಗಳಿದ್ದಂಗೇ ಕಣಕ್ಕ. ಕೇಡು ಬಯಸ್ಲಿಲ್ಲ." ಅವರು ನೀರಿನ ಬಾಟಲಿ ಮುಂದೆ ಹಿಡಿದಾಗ ಇಸಿದುಕೊಂಡು ಕುಡಿದೆ.

ಸಂಜೆಗೆ ನೋವು ನಿಂತಿತು, ಚಿಕ್ಕಮಗಳೂರಿನಿಂದ ರಕ್ತವೂ ಬಂತು, ಏರಿಸಿದರು. ಆಮೇಲೆ ಕೆಲವು ದಿನ ಬಿಟ್ಟು ಬಿಟ್ಟು ಐರನ್ನನ್ನು ಡ್ರಿಪ್ಪಿನಲ್ಲೇ ಕೊಟ್ಟರು. ತಿಂಗಳು ತುಂಬಿ, ಅದೇ ಆಸ್ಪತ್ರೆಯಲ್ಲಿ ನನ್ನ ಬಂಗಾರ ಹುಟ್ಟಿತು. ತಾಯಿಯೂ ಚೆನ್ನಾಗಿದ್ದಳು. ಮಗು ನೇರಳೆಹಣ್ಣಿನ ಬಣ್ಣ. ಗೌರಮ್ಮ ದಿಟ್ಟಿಸಿ ನೋಡಿ, "ಮಾತ್ರೆ ನುಂಗ್ದೇ ಇದ್ರೂ ನಿಮ್ ಬಣ್ಣ ತಪ್ಲಿಲ್ಲ ಬೀಗ್ರೇ" ಎಂದರು. ಆಸ್ಪತ್ರೆ ಎಂಬುದನ್ನೂ ಮರೆತು ನಕ್ಕೆ. ಇಡೀ ವಾರ್ಡಿಗೆ ಸಕ್ಕರೆ ಹಂಚಿದೆ.

ಉಳಿದ ಕೆಲವು ತಿಂಗಳ ಕೆಲಸದಲ್ಲಿ ನಾನು ಯಾವ ಬಸುರಿಯನ್ನೂ "ತಗೊಂಡ್ಯಾ" ಎಂದು ಕೇಳಲಿಲ್ಲ. ನಾಲಿಗೆ ಎತ್ತಿಸಿ ನೋಡುವುದನ್ನೂ ಕಮ್ಮಿ ಮಾಡಿದೆ. ಪಕ್ಕದಲ್ಲಿ ಕೂತು, "ನುಂಗಿದ್ಮೇಲೆ ಏನಾಯ್ತವ್ವ?" ಎಂದು ಕೇಳುತ್ತಿದ್ದೆ. ಹಾಗೆ ಕೇಳಿದರೆ ಅವರು ವಾಂತಿಯ ಸುದ್ದಿ ಹೇಳುತ್ತಾರೆ, ಕಪ್ಪಿನ ಭಯ ಹೇಳುತ್ತಾರೆ, ಅತ್ತೆಯ ಮಾತನ್ನೂ ಹೇಳುತ್ತಾರೆ. ಅದನ್ನೆಲ್ಲ ಕೇಳಿಸಿಕೊಂಡ ಮೇಲೆಯೇ ಮಾತ್ರೆ ಹೊಟ್ಟೆಗೆ ಇಳಿಯುತ್ತದೆ.