ಗೋಡೆ ಬಿದ್ದ ಕಡೆ

ಮುಳಬಾಗಿಲ ಬೆಟ್ಟದ ಹಾಳು ಕೋಟೆಗೆ ಮಕ್ಕಳೊಂದಿಗೆ ಬಂದಿದ್ದೇನೆ. ಪ್ರತಿಧ್ವನಿ ಬರುತ್ತದೆಂದು ನಾನು ಹೇಳಿದ್ದನ್ನು ನಂಬಿ ಇಬ್ಬರೂ ಚಾವಣಿಯಿಲ್ಲದ ಗುಡಿಯೊಳಗೆ ನಿಂತು ತಮ್ಮ ತಮ್ಮ ಹೆಸರು ಕೂಗಿಕೊಂಡರು. ಏನೂ ಮರಳಲಿಲ್ಲ. ಕೊನೆಗೆ ಮಗಳು, "ಅವ್ವಾ!" ಎಂದು ಕೂಗಿದಳು.

"ಏಮ್ಮಾ, ಬಿದ್ದ್ಯಾ?" ಎಂದು ಗೋಡೆಯಾಚೆಯಿಂದ ಉತ್ತರ ಬಂತು. ಮೇಕೆ ಮೇಯಿಸುತ್ತಿದ್ದ ಮುದುಕಿಯೊಬ್ಬರು ಗಾಬರಿಯಿಂದ ಕಲ್ಲು ದಾಟಿಕೊಂಡು ಬಂದರು. ತೆಲುಗು ಬೆರೆತ ನಮ್ಮ ಕಡೆ ಅವ್ವ ಎಂದರೆ ಅಜ್ಜಿ. ಯಾರ ಮನೆಯ ಮಗು ಕೂಗಿದರೂ ಹತ್ತಿರವಿದ್ದ ಅಜ್ಜಿ ಓಗೊಡುತ್ತಾಳೆ.

"ನಿಮ್ಮನ್ನಲ್ಲ, ನಮ್ಮವ್ವನ್ನ ಕರೆದೆ," ಎಂದಳು ಮಗಳು.

"ಎಲ್ಲವ್ಳೆ ನಿಮ್ಮವ್ವ?"

ನನ್ನ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಮಕ್ಕಳು ನನ್ನ ಮುಖ ನೋಡಿದರು.

"ಕೋಲಾರದ ಹತ್ರ, ವಕ್ಕಲೇರಿಯಾಗವ್ರೆ," ಎಂದುಬಿಟ್ಟೆ. ಮಕ್ಕಳು ನನ್ನನ್ನು ತಿದ್ದಲಿಲ್ಲ.

ಮುದುಕಿ ಮಗಳ ಭುಜ ಹಿಡಿದು ನಾಲ್ಕು ಹೆಜ್ಜೆ ನಡೆಸಿ ಕೋಲಾರದ ದಿಕ್ಕಿಗೆ ತಿರುಗಿಸಿದರು. "ಅಲ್ಲಿ ಕೂಗಿದ್ರೆ ಏನ್ ಬಂತು? ಇಲ್ಲಿ ನಿಂತ್ಕೊಂಡು ಕೂಗು ಕಂದಾ. ಈ ಕಡೆ ಗೋಡೆ ಬಿದ್ದೋಗೈತೆ, ನಿಮ್ಮವ್ವಂಗೆ ಕೇಳ್ತೈತೆ."

ಮಗಳು ನನ್ನ ಹಿಂದೆ ಸರಿದಳು. ನಾನೇ ಕೂಗಿದೆ, "ಅಮ್ಮಾ!"