ಹಿಮದ ಗಿಡಕ್ಕೆ ಬಾಣಂತನ

ಅರವತ್ತರ ದಶಕದ ಆರಂಭದ ಒಂದು ಚಳಿಗಾಲದಲ್ಲಿ ನಾನು ಒಂದು ಗಿಡಕ್ಕೆ ಬಾಣಂತನ ಮಾಡಿದೆ. ಅದಕ್ಕೆ ಓಣಿಯೆಲ್ಲ ನಕ್ಕಿತು, ಈಗಲೂ ನೆನೆದರೆ ನನಗೇ ನಗು ಬರುತ್ತದೆ. ಆದರೆ ಅದರ ಬೆನ್ನಿಗೇ ಒಂದು ಸುಳ್ಳನ್ನೂ ಬರೆದೆ. ಮಕ್ಕಳಿಗೆ ನಗುವ ಭಾಗವನ್ನಷ್ಟೇ ಹೇಳುತ್ತ ಬಂದಿದ್ದೇನೆ. ಉಳಿದದ್ದನ್ನು ಈಗ ಹೇಳಿಬಿಡುತ್ತೇನೆ.

ಆಗ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಮನೆ ನಿಟ್ಟುವಳ್ಳಿಯಲ್ಲಿ. ಅದಿನ್ನೂ ಹಳ್ಳಿಯೇ ಆಗಿತ್ತು. ಹೆಂಡತಿ ಚೊಚ್ಚಲ ಹೆರಿಗೆಗೆಂದು ಹರಿಹರದ ತವರಿಗೆ ಹೋಗಿದ್ದಳು. ದೀಪಾವಳಿ ಮುಗಿಸಿ ಅವಳನ್ನೂ ಕೂಸನ್ನೂ ಕರೆತರಲು ಹೋದೆ. ಸೈನ್ಯದಲ್ಲಿದ್ದ ಅವಳ ತಮ್ಮ ಅದೇ ದಿನ ರಜೆ ಮುಗಿಸಿ ಹೊರಟಿದ್ದ. ಹಿಮಾಲಯದ ಬಂಡೆಯ ಸಂದಿಯಿಂದ ಕಿತ್ತ ಒಂದು ಗಿಡವನ್ನು ಅವನು ಬಿಸ್ಕತ್ತಿನ ಡಬ್ಬಿಯಲ್ಲಿ ತಂದು ಅಕ್ಕನಿಗೆ ಕೊಟ್ಟಿದ್ದ. ಹೆಬ್ಬೆರಳು ದಪ್ಪದ ಬೇರು, ಅಂಗೈಯಗಲದ ಮಂದ ಎಲೆ ನಾಲ್ಕು. ತಾಯಿಗಿಂತ ಹೆಚ್ಚಾಗಿ ಅವನನ್ನು ಎತ್ತಿ ಆಡಿಸಿದವಳು ಈ ಅಕ್ಕನೇ. "ನಿನ್ನ ಕೈಯಾಗ ಇದು ಸಾಯಂಗಿಲ್ಲ ಬಿಡು," ಎಂದಿದ್ದನಂತೆ.

ಹರಿಹರ ಸ್ಟೇಷನ್ನಿನಲ್ಲಿ ಅವನ ಗಾಡಿ ಮೊದಲು ಹೊರಟಿತು. ನನ್ನ ಎಡಗಿವಿಯಲ್ಲಿ ಅತ್ತೆ, "ಬಾಣಂತಿ ಮೈ ಇನ್ನೂ ಹಸಿ ಐತೆ, ಥಂಡಿಗೆ ಬಿಡಬ್ಯಾಡ್ರಿ," ಎಂದು ಹೇಳುತ್ತಿದ್ದರು. ಬಲಗಡೆ ಕಿಟಕಿಯಿಂದ ಅವನು ನನ್ನ ಕೈಲಿದ್ದ ಗಿಡದ ಡಬ್ಬಿಯತ್ತ ಬೆರಳು ತೋರಿಸಿ ಏನೋ ಕೂಗಿದ. ಇಂಜಿನ್ ಸಿಳ್ಳೆ ಹಾಕಿತು. ನನಗೆ ಕೇಳಿಸಿದ್ದು: "ಮಾವಾ, ಚಳಿಗೆ ಬಿಡಬ್ಯಾಡ!"

"ಚಳಿಗೆ ಬಿಡು, ಹೆದರಬ್ಯಾಡ ಅಂದ," ಎಂದಳು ಹೆಂಡತಿ.

"ನಿನಗೇನು ಕೇಳಿಸ್ತು, ಕೂಸು ಅಳ್ತಿತ್ತು," ಎಂದೆ ನಾನು.

ಮಾರ್ಗಶಿರದ ಚಳಿಗೆ ಎಲೆಗಳು ಅಂಚಿನಿಂದ ಕೆಂಪಾಗತೊಡಗಿದವು. ಪಕ್ಕದಲ್ಲೊಂದು ಪುಟ್ಟ ಕುಡಿಯೂ ಒಡೆದಿತ್ತು. ಮರಿ ಹಾಕಿದ ಗಿಡಕ್ಕೆ ಶೀತ ಹೊಕ್ಕಿದೆ ಎಂದು ತೀರ್ಮಾನಿಸಿದೆ. ಬಾಣಂತಿಗೆ ತಂದಿಟ್ಟ ಕೆಂಡದ ಅಗ್ಗಿಷ್ಟಿಕೆ ಮೂಲೆಯಲ್ಲೇ ಇತ್ತು. ಗಿಡವನ್ನು ಒಳಗೆ ತಂದು, ಕರಿ ಕಂಬಳಿ ಸುತ್ತಿ, ಸಂಜೆಗೊಮ್ಮೆ ಲೋಬಾನದ ಹೊಗೆ ಕೊಟ್ಟು, ಬೆಳಿಗ್ಗೆ ಉಗುರುಬೆಚ್ಚಗಿನ ನೀರು ಹಾಕಿದೆ. ಉಗುರುಬೆಚ್ಚಗೆ ಎಂದು ಬರೆದೆ, ಅದೂ ಸುಳ್ಳೇ. ಒಂದೆರಡು ದಿನ ಚೆನ್ನಾಗಿಯೇ ಬಿಸಿ ಇತ್ತು.

"ಕರಿಬೇವು ತಿನ್ನಿಸ್ತೀರೇನು ಅದಕ್ಕೂ?" ಎಂದು ಹೆಂಡತಿ ರೇಗಿಸಿದಳು. "ಹೊರಗ ಇಡ್ರಿ. ಹಿಮದಾಗ ಹುಟ್ಟಿದ್ದಕ್ಕ ನಿಟ್ಟುವಳ್ಳಿ ಚಳಿ ಯಾವ ಲೆಕ್ಕ?"

ನಾನು ಕೇಳಲಿಲ್ಲ. ಎಳ್ಳಮಾವಾಸ್ಯೆಯ ಹೊತ್ತಿಗೆ ಎಲೆಗಳು ಬೇಯಿಸಿದ ಸೊಪ್ಪಿನಂತೆ ಮೆತ್ತಗಾಗಿ ಕೊಳೆತವು. ಅದೇ ವಾರ ತಮ್ಮನ ಕಾಗದ ಬಂತು: ಗಿಡ ಹೆಂಗೈತೆ?

ಹೆಂಡತಿಗೆ ಓದು ಬರಹ ಬರುತ್ತಿರಲಿಲ್ಲ. ಅವಳು ಹೇಳುವುದು, ನಾನು ಬರೆಯುವುದು. ಕೂಸಿಗೆ ಹಾಲು ಕುಡಿಸುತ್ತ ನಗುನಗುತ್ತಲೇ ಹೇಳಿದಳು: "ಎಲೆ ಕೊಳೆತವು, ಬೇರು ಗಟ್ಟಿ ಐತೆ. ಮಾವ ಬಿಸಿನೀರು ಹಾಕಿದ್ರು ಅಂತ ಬರೀರಿ."

ನಾನು ಬರೆದದ್ದು, "ಎಲೆ ಕೆಂಪಾದವೆಂದು ನಿನ್ನ ಅಕ್ಕ ಬಿಸಿನೀರು ಹಾಕಿ ಗಿಡ ಕೆಡಿಸಿದಳು." ಓದಿ ಹೇಳಿದ್ದು ಮಾತ್ರ ಅವಳ ಮಾತನ್ನೇ. ಒಂದು ಕಡೆಯೂ ತಡವರಿಸಲಿಲ್ಲ. ಸೈನಿಕನ ಕಣ್ಣಿಗೆ ಪೆದ್ದನಾಗಿ ಕಾಣುವುದು ನನಗೆ ಬೇಕಿರಲಿಲ್ಲ, ಅಷ್ಟೇ.

ಅವಳು, "ಇನ್ನು ಇದು ನನ್ನದು," ಎಂದು ಡಬ್ಬಿಯನ್ನು ಹಿತ್ತಲಿಗೆ ಒಯ್ದಳು. ಕೊಳೆತದ್ದನ್ನು ಕೆರೆದು ತೆಗೆದಳು. ನೀರು ನಿಲ್ಲದಂತೆ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಬೇರಿನ ಸುತ್ತ ಬೆಣಚುಕಲ್ಲು ಒತ್ತಿ, ಬಟ್ಟೆ ಒಗೆಯುವ ಕಲ್ಲಿನ ಬಡಗಣ ನೆರಳಲ್ಲಿ ಇಟ್ಟಳು. ಬೆರಳು ಚುಚ್ಚಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ಒಂದು ಗುಟುಕು ತಣ್ಣೀರು. ಇಬ್ಬನಿ ಬಿದ್ದಷ್ಟೂ ಬೀಳಲಿ ಎಂದು ತೆರೆದೇ ಬಿಟ್ಟಳು.

ಸಂಕ್ರಾಂತಿಯ ಚಳಿ ಆ ವರ್ಷ ಚೆನ್ನಾಗಿತ್ತು. ಒಂದು ಮುಂಜಾನೆ ಹಿತ್ತಲಿಂದ ಅವಳ ಕೂಗು ಕೇಳಿ ಹಾವೆಂದು ಬಡಿಗೆ ಹಿಡಿದು ಓಡಿದೆ. ಮೊಂಡು ಬೇರಿನ ತುದಿಯಲ್ಲಿ ಕೆಂಪು ದಂಟು ಎದ್ದಿತ್ತು! ವಾರದಲ್ಲಿ ಅದರ ತುಂಬ ತಿಳಿ ಗುಲಾಬಿ ಹೂವಿನ ಗೊಂಚಲು. ಓಣಿಯ ಹೆಂಗಸರು ಅರಿಸಿನ ಕುಂಕುಮ ಹಿಡಿದು ಬಂದರು. ನಾನೂ ಗಿರಣಿಯಲ್ಲಿ ಕಂಡವರಿಗೆಲ್ಲ, "ನಮ್ಮನೇಲಿ ಹಿಮಾಲಯದ ಹೂ ಬಿಟ್ಟೈತೆ, ಬರ್ರಿ," ಎಂದು ಹೇಳಿಕೊಂಡು ತಿರುಗಿದೆ. ಅಷ್ಟು ಸಂತೋಷ ನನಗೆ ಕೂಸು ಹುಟ್ಟಿದಾಗ ಮಾತ್ರ ಆಗಿತ್ತು.

ಆ ಹೆಂಗಸರು ನೆರೆದಿದ್ದಾಗಲೇ, ನಾನು ಕೆಲಸದಲ್ಲಿದ್ದ ಹೊತ್ತು, ಅಂಚೆಯವರು ಬಂದು ತಮ್ಮನ ಉತ್ತರವನ್ನು ಎಲ್ಲರೆದುರು ಓದಿಬಿಟ್ಟರು: "ಅಕ್ಕಾ, ಗಿಡ ಕೊಟ್ರೆ ಬಾಣಂತನ ಮಾಡೀಯಾ? ಎಲೆ ಕೆಂಪಾದ್ರೆ ಅದು ನಿದ್ದಿಗೆ ಹೊಂಟೈತೆ ಅಂತ. ಬಿಸಿನೀರು ಹಾಕ್ತಾರೇನು? ನಿನ್ನ ಕೈಗೆ ಕೊಟ್ಟಿದ್ದೇ ತಪ್ಪಾತು, ಮಾವನ ಕೈಗೆ ಕೊಡಬೇಕಿತ್ತು."

ಸಂಜೆ ನಾನು ಹೊಸ್ತಿಲು ದಾಟುವ ಮೊದಲೇ, ಹೆಂಡತಿಯಿಂದ ನಿಜ ಸಂಗತಿ ತಿಳಿದಿದ್ದ ಪಕ್ಕದ ಮನೆಯಾಕೆ, "ಬಂದ್ರು ನೋಡ್ರಿ ಸೂಲಗಿತ್ತಿ!" ಎಂದಳು. ನಗೆ ಎದ್ದಿತು. ಹೆಂಡತಿ ನಗಲಿಲ್ಲ.

"ಅವತ್ತು ನೀವು ಓದಿದ್ದು ಯಾವ ಕಾಗದರಿ?"

ನಾನು ಬಿಟ್ಟ ಚಪ್ಪಲಿಯನ್ನು ಗೋಡೆಗೆ ಸರಿಸಿ ಜೋಡಿಸತೊಡಗಿದೆ.

"ಗಿಡ ಸತ್ತಿದ್ರೆ ಅವನು ಇನ್ನೊಂದು ತರ್ತಿದ್ದ. ಅಕ್ಕ ಅಂದ್ರೆ ಅವನಿಗೆ ಏನು ಅನ್ನೋದು ನಿಮಗ ಗೊತ್ತಿತ್ತು," ಎಂದಳು. ಆಮೇಲೆ ಇನ್‌ಲ್ಯಾಂಡ್ ಕಾಗದ ಮುಂದೆ ಇಟ್ಟಳು. "ಬರೀರಿ."

ಬರೆದೆ. "ಬಿಸಿನೀರು ಹಾಕಿದವನು ನಾನು. ಸುಳ್ಳು ಬರೆದವನೂ ನಾನು. ಹೂ ಬಿಡಿಸಿದವಳು ನಿನ್ನ ಅಕ್ಕ." ಅವಳು ಅದನ್ನು ಅಂಟಿಸಲು ಬಿಡಲಿಲ್ಲ. ಮರುದಿನ ಕಟ್ಟೆಯ ಮೇಲೆ ಅಂಚೆಯವರಿಂದ ಗಟ್ಟಿಯಾಗಿ ಓದಿಸಿ, ಅದೇ ಹೆಂಗಸರೆಲ್ಲ ಕೇಳಿದ ಮೇಲೆಯೇ ಕೊಟ್ಟಳು. ಆಗ ಅವಳೂ ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನನ್ನ ಎದೆಯ ಭಾರವೂ ಇಳಿಯಿತು.

"ನಾಳೆಯಿಂದ ನನಗ ಅಕ್ಷರ ಕಲಿಸ್ರಿ," ಎಂದಳು.

ಕಲಿಸಿದೆ. ಸ್ಲೇಟಿನ ಬಳಪವನ್ನು ಕೂಸು ತಿನ್ನುತ್ತಿತ್ತು, ಅವಳು ಕಸಿದು ಬರೆಯುತ್ತಿದ್ದಳು. ಮಹಾನವಮಿಯ ಹೊತ್ತಿಗೆ ತಮ್ಮನಿಗೆ ತಾನೇ ಒಂದು ಕಾಗದ ಬರೆದಳು. ನಾನು ತಿದ್ದಿಕೊಡಲೇ ಎಂದು ಕೈ ಚಾಚಿದೆ. ಅವಳು ನಾಲಿಗೆಯಿಂದ ಅಂಚು ಒದ್ದೆ ಮಾಡಿ, ಅಂಟಿಸಿ, ಕೂಸನ್ನು ನನ್ನ ತೊಡೆಗೆ ಹಾಕಿ, ಅಂಚೆ ಡಬ್ಬಿಗೆ ತಾನೇ ಹೋಗಿ ಹಾಕಿ ಬಂದಳು. ಅದರಲ್ಲಿ ಏನು ಬರೆದಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.